ಹಲಗೆಯ ಮೇಲಿನ ಬಸ್ಸು

ಲುಯಿಸ್‌ನ ಅಪ್ಪಣೆ ಸಿಗುವ ತನಕ ದಾಂಡೇಲಿಯಿಂದ ಕುಂಬಾರವಾಡಕ್ಕೆ ಹೋಗುವ ಬಸ್ಸು ಸ್ಟಾರ್ಟೇ ಆಗುತ್ತಿರಲಿಲ್ಲ. ಡ್ರೈವರ್ ಕೀಲಿ ತಿರುಗಿಸುತ್ತಿದ್ದ, ಎಂಜಿನ್ನು ಕೆಮ್ಮುತ್ತಿತ್ತು. ಹಳಿಯಾಳದ ಕೋಣೆಯಲ್ಲಿ ಕೂತ ಲುಯಿಸ್ ಒಂದು ಗುಂಡಿ ಒತ್ತಿದ ಮೇಲಷ್ಟೇ ಚಕ್ರ ಉರುಳುತ್ತಿದ್ದವು. ದಾರಿಯಲ್ಲಿ ಕಾಡುಕೋಣ ಅಡ್ಡ ನಿಂತರೆ ಅದೂ ಅವನ ಪ್ರೋಗ್ರಾಮಿಗೆ ಮರ್ಯಾದೆ ಕೊಟ್ಟು ಪಕ್ಕಕ್ಕೆ ಸರಿಯುತ್ತಿತ್ತು. ಇದನ್ನು ಲುಯಿಸ್ ತಾನೇ ಎಲ್ಲರಿಗೂ ಹೇಳುತ್ತಿದ್ದ. ಹೇಳುವಾಗ ಮುಖದಲ್ಲಿ ನಗೆಯ ಎಳೆಯೂ ಕಾಣುತ್ತಿರಲಿಲ್ಲವಾದ್ದರಿಂದ ನಂಬದವರೂ ಪೂರ್ತಿ ಕೇಳಿಸಿಕೊಂಡೇ ಎದ್ದು ಹೋಗುತ್ತಿದ್ದರು.

ಹಳಿಯಾಳದಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆ ಅವನದು. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗೆ ಅಲ್ಲಿಂದಲೇ ಪ್ರೋಗ್ರಾಮು ಬರೆದುಕೊಡುತ್ತಿದ್ದ. ಅವನು ಕೀಬೋರ್ಡು ಬಡಿಯತೊಡಗಿದರೆ ಕೆಳಗಿನ ಅಂಗಡಿಯವರು ಆಲಿಕಲ್ಲು ಮಳೆ ಬಂತೆಂದು ಗೊಬ್ಬರದ ಚೀಲಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಅವನ ಲ್ಯಾಪ್‌ಟಾಪಿನ ಬಿಸಿಗೆ ಚಹಾ ತಾನಾಗಿ ಕುದಿಯುತ್ತಿತ್ತು. ಇವೂ ಅವನದೇ ಮಾತುಗಳು. ಅವನು ಹೇಳದೆ ಬಿಡುತ್ತಿದ್ದ ಮಾತೊಂದಿತ್ತು: ಅರ್ಧ ಸಾಲು ಬರೆದರೆ ಉಳಿದರ್ಧವನ್ನು ತಾನೇ ತುಂಬಿಕೊಡುವ ಎಐ ಸಹಾಯಕವೊಂದು ಅವನ ತೆರೆಯ ಮೂಲೆಯಲ್ಲಿ ಕೂತಿರುತ್ತಿತ್ತು. ಯಾರಾದರೂ ಇಣುಕಿ ನೋಡಿ ಕೇಳಿದರೆ, "ಅದಕ್ಕ ನಾನು ಸಾಲಿ ಕಲಸಾಕತ್ತೇನಿ" ಎನ್ನುತ್ತಿದ್ದ.

ಒಂಟಿಯಾಗಿ ದಿನವಿಡೀ ತೆರೆಯ ಮುಂದೆ ಕೂರುವವನಿಗೆ ಕೆಲವು ನಂಬಿಕೆಗಳು ಬೆಳೆಯುತ್ತವೆ. ಲುಯಿಸ್‌ನ ಮಟ್ಟಿಗೆ, ಒಳ್ಳೆಯ ಪ್ರೋಗ್ರಾಮು ಜಾಣ ಅಂಗಡಿಕಾರನ ಹಾಗಿರಬೇಕು. ಗಿರಾಕಿ ಮೆಟ್ಟಿಲು ಹತ್ತಿದಾಗ ತಡವರಿಸಬಾರದು, ಬರಿಗೈಯಲ್ಲಿ ಕಳಿಸಬಾರದು. ಕೇಳಿದ ಕೂಡಲೇ ಉತ್ತರ ಕೊಡದ ಪ್ರೋಗ್ರಾಮನ್ನು ಕಂಡರೆ ಅವನಿಗೆ ತನ್ನ ಬಗ್ಗೆಯೇ ನಾಚಿಕೆಯಾಗುತ್ತಿತ್ತು.

ಅವನ ಹೆಸರು ಕಾಡಿನಾಚೆಯ ತನಕ ಹಬ್ಬಿದ್ದು ಕುಂಬಾರವಾಡದ ಹಲಗೆಯಿಂದ. ಆ ಊರಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಬೆಳಗಿನದು ಹನ್ನೊಂದರ ಆಸುಪಾಸು ಬಂದು, ದಾಂಡೇಲಿಯ ಮೇಲೆ ಹಳಿಯಾಳಕ್ಕೆ ಮರಳುತ್ತಿತ್ತು. ಆ ಆಸುಪಾಸು ಎಷ್ಟು ಉದ್ದವೆಂದು ಯಾರೂ ಅಳೆದಿರಲಿಲ್ಲ. ಬಸ್ಸು ಬೇಕಾದವರು ಎಂಟಕ್ಕೇ ಗಂಟು ಮೂಟೆ ತಂದು ಮತ್ತಿ ಮರದ ಕೆಳಗೆ ಕೂರುತ್ತಿದ್ದರು. ಅಲ್ಲೇ ಅವಲಕ್ಕಿ ಬಿಚ್ಚುವುದು, ಅಲ್ಲೇ ಕೂಸಿಗೆ ಹಾಲೂಡಿಸುವುದು, ಅಲ್ಲೇ ಸಣ್ಣದೊಂದು ಜಗಳ ಮುಗಿಸಿಕೊಳ್ಳುವುದು. ಲುಯಿಸ್‌ನ ಚಿಕ್ಕಮ್ಮನ ಮಗಳು ಕ್ರಿಸ್ತಿನಾಳನ್ನು ಕೊಟ್ಟದ್ದು ಅದೇ ಊರಿಗೆ. ಗದ್ದೆ ಕೆಲಸ ಬಿಟ್ಟು ಅವಳು ಅರ್ಧ ದಿನ ಮರದ ಬುಡದಲ್ಲಿ ಕೂರುವುದನ್ನು ಒಮ್ಮೆ ನೋಡಿ ಲುಯಿಸ್, "ಅಕ್ಕಾ, ಇನ್ನ ಮ್ಯಾಲೆ ನೀ ಕಾಯೂದು ಬ್ಯಾಡ. ಬಸ್ಸಿಗೇ ನಿನ್ನ ಕಾಯಾಕ ಹಚ್ಚತೇನಿ" ಎಂದಿದ್ದ.

ಕಾಡಿನೊಳಗೆ ಮೊಬೈಲ್ ಸಿಗ್ನಲ್ ಇಲ್ಲದ್ದರಿಂದ ಬಸ್ಸಿಗೆ ಯಂತ್ರ ಕಟ್ಟಿ ಪ್ರಯೋಜನವಿರಲಿಲ್ಲ. ಅದಕ್ಕೆ ಅವನು ಮಿಸ್ ಕಾಲ್ ನೆಚ್ಚಿಕೊಂಡ. ದಾರಿ ನಡುವೆ ಸಿಗ್ನಲ್ ಸಿಗುವ ಜೋಯಿಡಾದ ಸ್ಟ್ಯಾಂಡಿನೆದುರು ಚಹಾದಂಗಡಿ ಇಟ್ಟಿದ್ದ ಕಾಶೆವ್ವ, ಬಸ್ಸು ತನ್ನ ಅಂಗಡಿ ದಾಟಿದೊಡನೆ ಅವನ ಒಂದು ನಂಬರಿಗೆ ಮಿಸ್ ಕಾಲ್ ಕೊಡುತ್ತಿದ್ದಳು. ಅದು ಬಂದ ಗಳಿಗೆ ಹಿಡಿದು ಪ್ರೋಗ್ರಾಮು ಲೆಕ್ಕ ಹಾಕುತ್ತಿತ್ತು. ಕುಂಬಾರವಾಡದಲ್ಲಿ ರಾಕೇಶನ ಕಿರಾಣಿ ಅಂಗಡಿಗೆ ಮಾತ್ರ ತಂತಿಯ ಇಂಟರ್ನೆಟ್ಟು ಬಂದಿತ್ತು. ಅವನ ಜಗುಲಿಯ ಗೋಡೆಗೆ ನೇತುಹಾಕಿದ ಸಣ್ಣ ತೆರೆಯ ಮೇಲೆ ಬಸ್ಸು ಬರುವ ಹೊತ್ತು ಕೆಂಪಗೆ ಹೊತ್ತಿಕೊಳ್ಳುತ್ತಿತ್ತು. ಊರವರು ಅದಕ್ಕೆ ಹಲಗೆ ಎಂದರು. ಹಲಗೆ ಸುಳ್ಳು ಹೇಳಲಿಲ್ಲ. ಕೆಲವೇ ತಿಂಗಳಲ್ಲಿ ಮತ್ತಿ ಮರದ ಕೆಳಗೆ ಹುಲ್ಲು ಬೆಳೆಯಿತು.

ಕ್ರಿಸ್ತಿನಾಳ ಅಣ್ಣ ಜೆರಾಲ್ಡ್ ತೀರಿಕೊಂಡದ್ದು ಮಾಗಿಯ ಒಂದು ನಸುಕಿನಲ್ಲಿ. ಹಳಿಯಾಳದಾಚೆ ಕಾಡಂಚಿನ ಸಣ್ಣ ಕೇರಿಯಲ್ಲಿ ಅವನ ಮನೆ. ಅಪ್ಪ ಅವ್ವ ಬೇಗ ಹೋದ ಮೇಲೆ ತಂಗಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಮದುವೆಯ ದಿನ ಅವಳ ಮುಂದೆ ಡಮಾಮಿ ಡೋಲು ಬಾರಿಸುತ್ತ ಅತ್ತವನು. ಸುದ್ದಿ ರಾಕೇಶನ ಅಂಗಡಿಗೆ ಮುಟ್ಟಿತು. ಅವನು ಕ್ರಿಸ್ತಿನಾಳ ಮನೆಗೆ ಓಡಿ ಹೇಳಿ, ಅಲ್ಲಿಂದಲೇ ಬೈಕು ಹತ್ತಿ ಘಟ್ಟದಂಚಿನ ಕೇರಿಗಳಲ್ಲಿದ್ದ ಉಳಿದ ನೆಂಟರಿಗೆ ಹೇಳಲು ಹೋದ. ಸಾವಿನ ಸುದ್ದಿಯನ್ನು ಮನೆ ಬಾಗಿಲಿಗೆ ಹೋಗಿ, ಚಪ್ಪಲಿ ಬಿಟ್ಟು ನಿಂತು ಹೇಳಬೇಕು. ಅದು ಆ ಕಡೆಯ ರೀತಿ. ಅವನು ಹೋದ ಕಡೆ ಸಿಗ್ನಲ್ ಇರಲಿಲ್ಲ. ಅಂಗಡಿಗೆ ಬೀಗ ಬಿತ್ತು. ಹಲಗೆ ಮಾತ್ರ ಉರಿಯುತ್ತಿತ್ತು.

ಮಣ್ಣು ಕೊಡುವುದು ನಾಲ್ಕಕ್ಕೆಂದು ನಿಶ್ಚಯವಾಯಿತು. ಪಾದ್ರಿಗಳು ಸಂಜೆ ಮುಂಡಗೋಡ ಕಡೆ ಇನ್ನೊಂದು ಪೂಜೆಗೆ ಹೋಗುವವರಿದ್ದರು. ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ಇಳಿಹೊತ್ತಿಗೆ ಆನೆ ದಾಟುತ್ತಿದ್ದವು. ನಾಲ್ಕು ಮೀರುವಂತಿರಲಿಲ್ಲ. ಅಷ್ಟರೊಳಗೆ ಕ್ರಿಸ್ತಿನಾ ಬರಬೇಕು, ಅಣ್ಣನ ಮುಖ ನೋಡಬೇಕು. ಬಂದವರೆಲ್ಲರ ಬಾಯಲ್ಲೂ ಅದೇ ಮಾತು.

ಜೆರಾಲ್ಡ್‌ನ ಗೆಳೆಯ ವಜೀರ ದಾಂಡೇಲಿಯ ಮೆಕ್ಯಾನಿಕ್ಕು. ಹನ್ನೊಂದು ಹೊಡೆಯುವ ಮೊದಲೇ ತನ್ನ ಹಳೆಯ ಜೀಪಿನ ಚಾವಿ ಹಿಡಿದು, ಸತ್ತ ಮನೆಯ ಅಂಗಳದಲ್ಲಿದ್ದ ಲುಯಿಸ್‌ನ ಹತ್ತಿರ ಬಂದ.

"ಲುಯಿಸಾ, ನಾ ಹೋಗಿ ಕ್ರಿಸ್ತಿನಾನ್ನ ಕರ್ಕೊಂಡ್ ಬರ್ಲೇನು? ಜೀಪು ಮುದುಕ ಆಗೇತಿ, ಖರೆ. ಆದ್ರ ನಾಲ್ಕರೊಳಗ ಮುಟ್ಟಸ್ತೇನಿ."

ಲುಯಿಸ್ ಮೊಬೈಲು ತೆಗೆದ. ಹಲಗೆಯ ಮೇಲೆ ಕಾಣುವುದೇ ಅದರಲ್ಲೂ ಕಾಣುತ್ತಿತ್ತು: ಹನ್ನೊಂದು ಇಪ್ಪತ್ತು. ಸುತ್ತ ನಿಂತವರು ಕತ್ತು ಚಾಚಿದರು. ಸತ್ತ ಮನೆಯಲ್ಲೂ ಅವನ ಎದೆ ಒಂದು ಗೇಣು ಉಬ್ಬಿತು.

"ಚಾಚಾ, ನಿಮ್ಮ ಜೀಪು ಜೋಯಿಡಾ ಮುಟ್ಟೂದ್ರಾಗ ಅಕ್ಕ ಬಸ್ಸಿನ್ಯಾಗ ದಾಂಡೇಲಿಗೆ ಬಂದಿರ್ತಾಳ. ಇಲ್ಲಿ ನೋಡ್ರಿ, ಮಿನಿಟು ಸುದ್ದಾ ಕೊಟ್ಟೇತಿ."

"ಬಸ್ಸು ಬರತೈತಿ ಅಂತ ಹೇಳತೈತಿ. ಆಕಿ ಹತ್ಯಾಳ ಅಂತ ಹೇಳತೈತೇನು?"

"ಈ ಹಲಗಿ ನೋಡಿ ಬಸ್ಸು ತಪ್ಪಿಸ್ಕೊಂಡಾವ್ರು ಈ ಭೂಮಿ ಮ್ಯಾಲೆ ಹುಟ್ಟಿಲ್ಲ ಚಾಚಾ. ಸುಮ್ಮನ ಡೀಸೆಲ್ ಯಾಕ ಸುಡ್ತೀರಿ, ಕುಂದರ್ರಿ."

ವಜೀರ ಚಾವಿಯನ್ನು ಕಿಸೆಗೆ ಹಾಕಿಕೊಂಡು ಕೂತ. ಹಿರಿಯರೂ ತಲೆಯಾಡಿಸಿದರು. ಕಂಪ್ಯೂಟರು ಹೇಳಿದ ಮೇಲೆ ಮುಗಿಯಿತಲ್ಲ.

ಹಳಿಯಾಳ ಸ್ಟ್ಯಾಂಡಿಗೆ ಹೋಗಿ ನಿಂತಿದ್ದವರು ಎರಡಕ್ಕೇ ಫೋನು ಮಾಡಿದರು. ಕುಂಬಾರವಾಡಕ್ಕೆ ಹೋಗಿದ್ದ ಬಸ್ಸು ಬಂದು ನಿಂತಿದೆ, ಕ್ರಿಸ್ತಿನಾ ಇಲ್ಲ. ದಾರಿಯಲ್ಲಿ ಹತ್ತುವವರು ಇಳಿಯುವವರು ಯಾರೂ ಇರಲಿಲ್ಲ, ಅದಕ್ಕೇ ಬೇಗ ಬಂತಂತೆ. ಲುಯಿಸ್ ನಕ್ಕ. ಅದು ಬೇರೆ ಬಸ್ಸಿರಬೇಕು, ತನ್ನ ಲೆಕ್ಕದ ಪ್ರಕಾರ ಆ ಬಸ್ಸು ಹಳಿಯಾಳ ಮುಟ್ಟಲು ಇನ್ನೂ ಹೊತ್ತಿದೆ ಎಂದ. ಹಾಗೆ ಹೇಳುತ್ತಿರುವಾಗಲೇ ಅವನೆದುರಿಗೆ ಚಹಾದ ಲೋಟ ಬಂತು. ಲೋಟ ಹಿಡಿದ ಕೈ ಕಾಶೆವ್ವನದು.

ಅವನು ಲೋಟ ತೆಗೆದುಕೊಳ್ಳಲಿಲ್ಲ.

"ಕಾಶೆವ್ವಾ, ನೀ ಇಲ್ಲಿ ಅದೀ?"

"ಇನ್ನೆಲ್ಲಿ ಇರಬೇಕೊ? ಜೆರಾಲ್ಡ ನನ್ನ ಅಂಗಡಿ ಚಪ್ಪರ ಕಟ್ಟಿಕೊಟ್ಟಾಂವ. ಸುದ್ದಿ ಕೇಳಿದಾಕಿ ಬಾಗಲಾ ಹಾಕಿ ನಸುಕಿನ್ಯಾಗ ಟೆಂಪೋ ಹತ್ತೇನಿ. ಜೋಯಿಡಾದಾಗ ಅವನ ಪರಿಚಯದಾವ್ರು ಒಬ್ರೂ ಉಳಿದಿಲ್ಲ, ಎಲ್ಲಾ ಇಲ್ಲೇ ಅದಾರ."

"ಮತ್ತ ಬಸ್ಸು ದಾಟಿದಾಗ ಮಿಸ್ ಕಾಲ್ ಯಾರು ಕೊಟ್ರು?"

"ಯಾರು ಕೊಡಬೇಕು? ಹೆಣದ ಮುಂದ ಕುಂತು ಬಸ್ಸಿನ ಧ್ಯಾಸ ಇಟ್ಕೊಳ್ಳೇನು? ಚಾ ಕುಡಿ, ಆರತೈತಿ."

ಲುಯಿಸ್ ಮನೆಯ ಹಿಂದೆ ಹೋಗಿ ಮೊಬೈಲು ನೋಡಿದ. ಕೆಂಪು ಅಕ್ಷರ ನಿಶ್ಚಿಂತೆಯಿಂದ ಹೊಳೆಯುತ್ತಿತ್ತು. ಬೆರಳಲ್ಲಿ ಒಂದು ಪುಟ ಸರಿಸಿ ಹಿಂದಿನ ದಿನದ ಹೊತ್ತು ನೋಡಿದ. ಅದೂ ಹನ್ನೊಂದು ಇಪ್ಪತ್ತು. ಆಮೇಲೆ ವಜೀರನ ಬಳಿ ಬಂದು, "ಚಾಚಾ, ಜೀಪು ತಗೀರಿ. ಹೋಗೂಣು" ಎಂದ. ವಜೀರ ಯಾಕೆಂದು ಕೇಳಲಿಲ್ಲ. ಅವನು ಕೇಳಿದ್ದರೆ ಚೆನ್ನಾಗಿತ್ತೆಂದು ಲುಯಿಸ್‌ಗೆ ದಾಂಡೇಲಿ ದಾಟುವ ತನಕ ಅನ್ನಿಸುತ್ತಲೇ ಇತ್ತು.

ಕಾಡಿನ ರಸ್ತೆ ಇಡೀ ಅವನು ತಲೆಯೊಳಗೆ ಮಾತು ಜೋಡಿಸಿದ. ಸರ್ವರ್ ಕೆಟ್ಟಿತ್ತು ಎನ್ನಬಹುದು. ಮೋಡದಿಂದ ಸಿಗ್ನಲ್ ಹೋಗಿತ್ತು ಎನ್ನಬಹುದು. ಆದರೆ ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಕೆಟ್ಟ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವನ ದಿನದ ಕೆಲಸ. ಸಾಲು ಸಾಲಾಗಿ ಹಿಂದೆ ಹೋಗುತ್ತ, ಇಲ್ಲಿ ಸರಿ ಇದೆ, ಇಲ್ಲಿಯೂ ಸರಿ ಇದೆ ಎಂದು ನೋಡುತ್ತ ಹೋದರೆ ಒಂದು ಸಾಲು ಸಿಗುತ್ತದೆ. ಈ ಸಲ ಹುಡುಕಬೇಕಾದ್ದಿರಲಿಲ್ಲ. ಆ ಸಾಲನ್ನು ಬರೆದ ದಿನ ಹೊರಗೆ ಎಂಥ ಬಿಸಿಲಿತ್ತೆಂಬುದು ಕೂಡ ಅವನಿಗೆ ನೆನಪಿತ್ತು.

ಕ್ರಿಸ್ತಿನಾ ಜೋಯಿಡಾದಲ್ಲೇ ಸಿಕ್ಕಳು. ಬಾಗಿಲು ಮುಚ್ಚಿದ ಕಾಶೆವ್ವನ ಅಂಗಡಿಯ ಮುಂದಿನ ಬೆಂಚಿನ ಮೇಲೆ, ತೊಡೆಯ ಮೇಲೊಂದು ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದಳು. ಬಾಳೆ ಎಲೆಯಲ್ಲಿ ಸುತ್ತಿದ ಗೊಂಡೆ ಹೂವು ಚೀಲದಿಂದ ಹೊರಗೆ ಕಾಣುತ್ತಿತ್ತು. ಕಾಲೆಲ್ಲ ಕೆಂಪು ಧೂಳು. ಬಹಳ ದೂರ ನಡೆದಿದ್ದಳು, ಆಮೇಲೆ ಬಿದಿರು ತುಂಬಿದ ಲಾರಿಯೊಂದು ಹತ್ತಿಸಿಕೊಂಡು ಇಲ್ಲಿಗೆ ಬಿಟ್ಟಿತ್ತು. ಮುಂದೆ ಹೋಗಲು ಏನೂ ಸಿಕ್ಕಿರಲಿಲ್ಲ.

ಜೀಪು ನಿಲ್ಲುವ ಹೊತ್ತಿಗೆ ನಾಲ್ಕು ದಾಟಿತ್ತು, ವಜೀರನ ಫೋನು ಹೊಡೆದುಕೊಂಡಿತು. ಅವನು ಕಿವಿಗಿಟ್ಟುಕೊಂಡು ಕೇಳಿದ, "ಹೂಂ" ಎಂದ, ಇಳಿಸಿದ.

"ಮಣ್ಣು ಮುಚ್ಚಿದ್ರಂತ ಬೇಟಿ. ಪಾದ್ರಿಗಳು ಇನ್ನ ನಿಂದ್ರಲಿಲ್ಲ."

ಕ್ರಿಸ್ತಿನಾ ಅಳಲಿಲ್ಲ. ಎದುರಿನ ಖಾಲಿ ಸ್ಟ್ಯಾಂಡಿನ ಕಡೆ ತಿರುಗಿದಳು. ತನಗೇ ಹೇಳಿಕೊಳ್ಳುವ ಹಾಗೆ ಮಾತಾಡಿದಳು.

"ನಸುಕಿನ್ಯಾಗನ ತಯಾರಾಗಿದ್ನಿ. ಮರದ ಕೆಳಗ ಹೋಗಿ ಕುಂದರಬೇಕಂತ ಚೀಲಾ ಹಿಡದು ಹೊಂಟಿದ್ನಿ. ಹತ್ತರ ಸುಮಾರಿಗೆ ದಾರ್ಯಾಗ ಹಲಗಿ ನೋಡಿದ್ನಿ. ಹನ್ನೊಂದು ಇಪ್ಪತ್ತು ಅಂದಿತ್ತು. ಭಾಳ ಹೊತ್ತು ಐತಿ, ಅಣ್ಣಗ ಹೂವಾರ ಕೊಯ್ಕೊಂಡು ಬರೂಣು ಅಂತ ಹಿತ್ತಲಕ್ಕ ತಿರಗಿ ಹೋದ್ನಿ. ಹಿತ್ತಲದಾಗ ಇದ್ದಾಗ ಹಾರ್ನ್ ಕೇಳಸ್ತು. ಬೇರೆ ಗಾಡಿ ಅನಕೊಂಡ್ನಿ."

ಲುಯಿಸ್ ಒಂದು ಹೆಜ್ಜೆ ಮುಂದೆ ಬಂದ. "ಅಕ್ಕಾ, ಅದು ಏನಾತು ಅಂದ್ರ, ಇವತ್ತು ಮ್ಯಾಲಿನ ಸರ್ವರ್‌ನ್ಯಾಗ, ಅದು ಹೊರದೇಶದಾಗ ಇರತೈತಿ, ಅಲ್ಲೆ ಒಂದು ದೊಡ್ಡ..."

"ಲುಯಿಸಾ." ಅವಳು ಅಂಗಡಿಯ ಬೀಗದ ಕಡೆ ಕೈ ತೋರಿಸಿದಳು. "ಈಕಿ ಬಾಗಲಾ ಬೆಳಗಿಂದ ಮುಚ್ಚೇತಿ ಅಂತ ಇಲ್ಲಿ ಮಂದಿ ಹೇಳಿದ್ರು. ಈಕಿ ಮಿಸ್ ಕಾಲ್ ಕೊಟ್ರನ ನಿನ್ನ ಹಲಗಿಗೆ ಗೊತ್ತಾಕ್ಕೈತಿ ಅಂತ ನಿನ್ನ ಬಾಯಿಂದನ ಕೇಳೇನಿ. ಈಕಿ ಇಲ್ಲದಾಗ ಅದು ಹೊತ್ತು ಎಲ್ಲಿಂದ ತಂತು?"

ವಜೀರ ಜೀಪಿನ ಬಾನೆಟ್ಟಿಗೆ ಒರಗಿ ನಿಂತವನು ಬೀಡಿ ಹಚ್ಚಲು ತೆಗೆದ ಕಡ್ಡಿಯನ್ನು ಹಾಗೇ ಹಿಡಿದಿದ್ದ. ಲುಯಿಸ್‌ನ ಬಾಯಲ್ಲಿ ಇನ್ನೂ ಎರಡು ಮೂರು ಸುಳ್ಳುಗಳು ಸಿದ್ಧವಾಗಿ ಕೂತಿದ್ದವು. ಒಳ್ಳೆಯ ಸುಳ್ಳುಗಳೇ. ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಅಕ್ಕನ ಮುಖ ನೋಡಲಾಗದೆ ಅವಳ ಕಾಲಿನ ಧೂಳು ನೋಡುತ್ತ ಹೇಳಿದ.

"ಎಲ್ಲಿಂದನೂ ತರಲಿಲ್ಲ ಅಕ್ಕಾ. ಅದಕ್ಕ ಏನೂ ಗೊತ್ತಿರಲಿಲ್ಲ. ಅದು ನಿನ್ನಿದು. ಮಿಸ್ ಕಾಲ್ ಬರಲಿಲ್ಲ ಅಂದ್ರ ನಿನ್ನಿ ಹೊತ್ತನ್ನ ಇವತ್ತಿಂದು ಅಂತ ತೋರ್ಸು ಅಂತ ನಾನ ಬರದೇನಿ."

"ಯಾಕ?"

"ಹಲಗಿ ಖಾಲಿ ಕಂಡ್ರ ಮಂದಿ ನಗತಾರ ಅಂತ. ಪ್ರೋಗ್ರಾಮ್ ಬರಿಯೂ ಹೊತ್ತಿನ್ಯಾಗ ಆ ಎಐ ಸಹಾಯಕ ಸರೀನ ಬರಕೊಟ್ಟಿತ್ತು: ಸುದ್ದಿ ಬರಲಿಲ್ಲಂದ್ರ 'ಗೊತ್ತಿಲ್ಲ' ಅಂತ ತೋರ್ಸು, ಅಂತ. ನಾ ಅದನ್ನ ಅಳಿಸಿ ಹಾಕಿದ್ನಿ. ಲುಯಿಸ್ ಮಾಡಿದ ಹಲಗಿ ಗೊತ್ತಿಲ್ಲ ಅಂತ ಅನ್ನಬಾರದು ಅಂತ ಹಂಗ ಮಾಡಿದ್ನಿ." ಅವನು ವಜೀರನ ಕಡೆ ಕೈ ತೋರಿಸಿದ. "ಇನ್ನೊಂದು ಐತಿ. ಮುಂಜಾನೆ ಚಾಚಾ ಜೀಪು ತಗೊಂಡು ನಿನ್ನ ಕರ್ಕೊಂಡು ಬರತೇನಿ ಅಂದ್ರು. ಆಗ ಹೊಂಟಿದ್ರ ನೀ ಅಣ್ಣನ ಮಾರಿ ನೋಡ್ತಿದ್ದಿ. ಬ್ಯಾಡ ಅಂತ ಅವರನ್ನ ಕುಂದ್ರಿಸಿದಾಂವ ನಾನ."