ಮೂಗಿನ ಮಟ್ಟ

ಅಣ್ಣನ ಬೈಕು ವಾಪಸ್ ಬಂದಾಗ ಹ್ಯಾಂಡಲ್ ಸೊಟ್ಟಗಾಗಿತ್ತು, ಹೆಡ್‌ಲೈಟು ನಜ್ಜುಗುಜ್ಜಾಗಿತ್ತು. ವಿಂಡ್‌ಶೀಲ್ಡಿಗೆ ಮಾತ್ರ ಏನೂ ಆಗಿರಲಿಲ್ಲ. ಮಂಜಿನಲ್ಲಿ ದೀಪವಿಲ್ಲದೆ ನಿಂತಿದ್ದ ಲಾರಿಯನ್ನು ತೀರಾ ತಡವಾಗಿ ಕಂಡು ಅಣ್ಣ ಬೈಕನ್ನು ಪಕ್ಕಕ್ಕೆ ಎಳೆದಿದ್ದ. ಬೈಕು ಮರಳಿನ ಮೇಲೆ ಜಾರಿ ಮಲಗಿತು. ಅಣ್ಣ ಹೋಗಿ ಲಾರಿಗೆ ಬಡಿದ.

ಅಣ್ಣನ ಕೆಲಸ ಈಗ ತಮ್ಮನದು. ದೂರದ ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ಲುಗಳನ್ನು ಐಸ್ ಡಬ್ಬಿಯಲ್ಲಿ ತಂದು ಲ್ಯಾಬಿಗೆ ಮುಟ್ಟಿಸುವುದು. ಬೆಳಗಾಗುವ ಮೊದಲೇ ಹೊರಡಬೇಕು. ತಮ್ಮನನ್ನು ಎಲ್ಲರೂ ಗಿಡ್ಡ ಎನ್ನುತ್ತಿದ್ದರು. ಹೆಸರಿಟ್ಟವನು ಅಣ್ಣನೇ, ಅವನ ಹೆಗಲಿಗೂ ಬರುತ್ತಿರಲಿಲ್ಲ ಇವನು.

ಗ್ಯಾರೇಜಿನಲ್ಲಿ ಮೇಸ್ತ್ರಿ ಬೈಕನ್ನು ಸರಿಮಾಡಿ ನಿಲ್ಲಿಸಿದ್ದ. ಗೋಡೆಗೆ ಹಳೆಯ ಶೀಲ್ಡುಗಳು ಸಾಲಾಗಿ ನೇತಾಡುತ್ತಿದ್ದವು. ಮೂಲೆಯಲ್ಲಿ ಯಾವುದೋ ದೊಡ್ಡ ಬೈಕಿನಿಂದ ಬಿಚ್ಚಿದ, ಮುಂಭಾಗವನ್ನೆಲ್ಲ ಮುಚ್ಚುವ ಫೇರಿಂಗು ಇತ್ತು. ಗಿಡ್ಡನ ಕಣ್ಣು ಅದರ ಮೇಲೆ ಬಿತ್ತು.

"ಅದನ್ನ ಹಾಕ್ಬಹುದಾ ಮೇಸ್ತ್ರಿ? ಮೊಣಕಾಲಿಗೂ ಮಳೆ ತಾಗಲ್ಲ."

"ಈ ಮುದಿ ಗಾಡಿಗಾ? ಅಜ್ಜನಿಗೆ ಮದುಮಗನ ಕೋಟು ಹಾಕಿದ ಹಾಗಿರ್ತದೆ. ಚಾಸಿಗೆ ಕ್ಲ್ಯಾಂಪ್ ಎಲ್ಲಿ ಕೊಡ್ಲಿ? ಗಾಳಿಗೆ ಹಡಗಿನ ಹಾಗೆ ವಾಲಾಡ್ತದೆ." ಮೇಸ್ತ್ರಿ ಕೈ ಒರೆಸಿಕೊಂಡ. "ಹತ್ತು, ಕೂತ್ಕೋ. ಮುಂದೆ ನೋಡು."

ಗಿಡ್ಡ ಹತ್ತಿ ಕುಳಿತ. ಶೀಲ್ಡಿನ ಮೇಲಂಚು ಅವನ ನೆತ್ತಿಗಿಂತ ಮೇಲಿತ್ತು.

"ಅಂಚು ಮೂಗಿನ ಮಟ್ಟಕ್ಕಿರಬೇಕು. ಹೆಚ್ಚಿನ ಗಾಳಿ ಅದಕ್ಕೆ ಬಡಿದು ತಲೆ ಮೇಲಿಂದ ಹೋಗ್ತದೆ, ಕಣ್ಣು ಅದರ ಮೇಲಿಂದ ರಸ್ತೆ ನೋಡ್ತದೆ. ಶೀಲ್ಡಿನೊಳಗಿಂದ ನೋಡಿ ಓಡಿಸೋದು ಬಿಸಿಲಿಗೆ ಸರಿ. ಮಂಜಿಗಲ್ಲ. ನಿಮ್ಮಣ್ಣನಿಗೂ ಹಾಗೇ ಕೊಯ್ದು ಕೊಟ್ಟಿದ್ದೆ. ಚಳಿಗೆ ಅವನಿಗೆ ಕೆಮ್ಮು ಹಿಡೀತಲ್ಲ, ನಿಮ್ಮತ್ತಿಗೆ ಬಂದು ಜಗಳ ಮಾಡಿ ಈ ಎತ್ತರದ್ದನ್ನ ಹಾಕಿಸಿದ್ರು."

ಗಿಡ್ಡ ಬೈಕನ್ನು ತರಲು ಮನೆಯಿಂದ ಹೊರಟಾಗ ಅತ್ತಿಗೆ ಹೇಳಿದ್ದು ಒಂದೇ ಮಾತು, "ಆ ಶೀಲ್ಡು ಹಾಗೇ ಇರ್ಲಿ." ಅವಳ ಲೆಕ್ಕದಲ್ಲಿ ಅಣ್ಣನನ್ನು ಕೊಂದವನು ಲಾರಿಯವನು. ಅದರಲ್ಲಿ ಸುಳ್ಳೇನಿಲ್ಲ. ಶೀಲ್ಡನ್ನು ಕೊಯ್ಯಿಸಿದರೆ ಯಾಕೆಂದು ಹೇಳಬೇಕು, ಹೇಳಿದರೆ ಕೊಂದವರ ಪಟ್ಟಿ ಉದ್ದವಾಗುತ್ತದೆ. ಗಿಡ್ಡ ಹಾಗೇ ಬೈಕು ಚಾಲೂ ಮಾಡಿ ಹೊರಟ.

ಮಂಜು ಬೀಳುವವರೆಗೆ ಏನೂ ತೊಂದರೆಯಾಗಲಿಲ್ಲ. ಬಿದ್ದ ಮೊದಲ ಬೆಳಿಗ್ಗೆ, ಊರು ದಾಟಿದ ಮೇಲೆ, ಶೀಲ್ಡಿನ ಒಳಮೈ ಬೆಳ್ಳಗಾಯಿತು. ಬೆಳ್ಳಗಾದ ಮೇಲೆ ಅದರಲ್ಲಿ ಬೆರಳುಗಳು ಕಂಡವು.

ನಾಲ್ಕು ಬೆರಳಿನ ಗೆರೆ, ಕೆಳಗೆ ಅಂಗೈಯ ಬುಡ. ಎಡಗೈ. ಸರಿಯಾಗಿ ಗಿಡ್ಡನ ಕಣ್ಣಿನೆದುರು. ಅವನು ತೋಳಿನಿಂದ ಒರೆಸಿದ. ನೀರು ಹೋಯಿತು, ಬೆರಳು ಹೋಗಲಿಲ್ಲ. ಉಸಿರು ತಾಗಿದಂತೆಲ್ಲ ಇನ್ನೂ ಸ್ಪಷ್ಟವಾಯಿತು. ಬೈಕು ನಿಲ್ಲಿಸಿ ತನ್ನ ಎಡಗೈಯನ್ನು ಅದರ ಮೇಲಿಟ್ಟು ನೋಡಿದ. ಗುರುತಿನ ಬೆರಳುಗಳು ಅವನ ಬೆರಳನ್ನು ದಾಟಿ ಮೇಲೆ ಹೋಗಿದ್ದವು. ಚಿಕ್ಕಂದಿನಲ್ಲಿ ಕೈಗೆ ಕೈ ಅಳೆಯುವಾಗಲೂ ಅಷ್ಟೇ ದಾಟುತ್ತಿದ್ದವು.

ಬಿಸಿಲು ಬಂದಾಗ ಅಲ್ಲಿ ಏನೂ ಇರಲಿಲ್ಲ.

ಮರುದಿನ ಮತ್ತೆ ಬಂತು. ಅದರ ಮರುದಿನವೂ. ಗಿಡ್ಡ ಸೋಪಿನಲ್ಲಿ ತೊಳೆದ, ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ. ದೆವ್ವ ಗಿವ್ವ ನಂಬುವವನಲ್ಲ ಅವನು. ಆದರೂ ಬೈಕು ಏರಿದ ಕೂಡಲೇ ಕುತ್ತಿಗೆಯ ಹಿಂದೆ ಯಾರೋ ಬಗ್ಗಿ ತನ್ನ ಭುಜದ ಮೇಲಿಂದ ರಸ್ತೆ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಆ ಎತ್ತರದ ಶೀಲ್ಡಿನ ಹಿಂದೆ ಗಾಳಿಯ ಸದ್ದೇ ಇರುತ್ತಿರಲಿಲ್ಲ. ಆ ನಿಶ್ಶಬ್ದದಲ್ಲಿ ಒಂದೆರಡು ಸಲ ಕೆಮ್ಮೂ ಕೇಳಿಸಿತು. ತನ್ನದೇ ಎಂದುಕೊಂಡ.

ಒಂದು ಬೆಳಿಗ್ಗೆ ಆ ಬೆರಳುಗಳನ್ನೇ ನೋಡುತ್ತ ಹೋಗುತ್ತಿದ್ದವನಿಗೆ ಅವುಗಳ ಸಂದಿನಲ್ಲಿ ಏನೋ ಕಪ್ಪಗೆ ಕಂಡಿತು. ಬ್ರೇಕು ಒತ್ತಿದ. ತರಕಾರಿ ಗಾಡಿ ತಳ್ಳುತ್ತಿದ್ದ ಮುದುಕನ ಬೆನ್ನಿಗೆ ಒಂದು ಮೊಳ ಇರುವಾಗ ಬೈಕು ನಿಂತಿತು.

"ಕಣ್ಣು ಮನೇಲಿಟ್ಟು ಬಂದಿದ್ದೀಯೇನೋ?" ಎಂದ ಮುದುಕ.

ಗಿಡ್ಡ ನೇರ ಗ್ಯಾರೇಜಿಗೆ ಹೋದ. ಮೇಸ್ತ್ರಿ ಶೀಲ್ಡಿನ ಮೇಲೆ ಉಸಿರು ಬಿಟ್ಟು, ಓರೆಯಾಗಿ ನೋಡಿ, ಉಗುರಿನಿಂದ ಕೆರೆದ.

"ಪೆಟ್ರೋಲು. ಈ ಪ್ಲಾಸ್ಟಿಕ್ಕಿಗೆ ಪೆಟ್ರೋಲ್ ತಾಗಿದ್ರೆ ಮೈಯೆಲ್ಲ ಕೂದಲೆಳೆಯಂಥ ಬಿರುಕು ಬಿಡ್ತದೆ. ಒಣಗಿದ್ದಾಗ ಕಾಣಲ್ಲ." ಬಗ್ಗಿ ಟ್ಯಾಂಕಿನ ಎಡಬದಿಯ ಪೆಟ್ರೋಲ್ ನಲ್ಲಿಯನ್ನು ಮುಟ್ಟಿದ. "ಇದು ಸೋರ್ತಿತ್ತು. ವಾಷರ್ ಹಾಕ್ಸು ಹಾಕ್ಸು ಅಂತ ಹೇಳಿ ನನ್ನ ಬಾಯಿ ನೋವಾಯ್ತು. ಪೆಟ್ರೋಲ್ ಮುಗಿಯೋಕೆ ಬಂದ್ರೆ ನಿಮ್ಮಣ್ಣ ಓಡಿಸ್ತಾನೇ ಎಡಗೈಲಿ ರಿಸರ್ವಿಗೆ ತಿರುಗಿಸೋನು."

"ಮತ್ತೆ ಅದೇ ಕೈಲಿ..."

"ಮಂಜು ಒರೆಸಿದ್ದಾನೆ." ಮೇಸ್ತ್ರಿ ನಲ್ಲಿಯಿಂದ ಕೈ ತೆಗೆದ. "ಆವತ್ತು ರಸ್ತೆಯಿಂದ ಗಾಡಿ ಎತ್ತಿದವನು ನಾನೇ. ನಲ್ಲಿ ರಿಸರ್ವಲ್ಲಿತ್ತು. ಟ್ಯಾಂಕಲ್ಲಿ ರಿಸರ್ವು ಹಾಗೇ ತುಂಬಿತ್ತು."

ಅಂದರೆ ತಿರುಗಿಸಿ ಬಹಳ ಹೊತ್ತಾಗಿರಲಿಲ್ಲ. ತಿರುಗಿಸಿದ, ರಸ್ತೆ ಕಾಣಲೆಂದು ಒರೆಸಿದ, ಬೆರಳಿನ ಗೆರೆಯ ನಡುವೆ ಲಾರಿ ಕಂಡಿತು. ಗಿಡ್ಡ ಇಷ್ಟು ದಿನ ನೋಡುತ್ತಿದ್ದುದು ಅಣ್ಣ ಕೊನೆಯದಾಗಿ ನೋಡಿದ್ದನ್ನೇ.

"ಕೊಯ್ಲಾ?" ಎಂದ ಮೇಸ್ತ್ರಿ, ಗರಗಸ ತೆಗೆದು.

"ನಾಳೆ ಬರ್ತೀನಿ."

ರಾತ್ರಿಯೆಲ್ಲ ಅವನು ಸುಳ್ಳು ಹೊಸೆದ. ಪೊಲೀಸರು ದಂಡ ಹಾಕ್ತಾರೆ ಅನ್ನುವುದು. ಕ್ಲ್ಯಾಂಪು ಮುರಿಯಿತು ಅನ್ನುವುದು. ಯಾವುದೂ ಎರಡು ಪ್ರಶ್ನೆಗೆ ತಡೆಯುವಂತಿರಲಿಲ್ಲ.

ಬೆಳಿಗ್ಗೆ ಅಂಗಳಕ್ಕೆ ಬಂದಾಗ ಅತ್ತಿಗೆ ಆಗಲೇ ಬೈಕಿನ ಹತ್ತಿರ ನಿಂತಿದ್ದಳು. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಒಲೆಯಿಂದಿಳಿಸಿದ ನೀರಿನ ಚೊಂಬು. ಹಬೆ ಶೀಲ್ಡಿಗೆ ಬಡಿಯುತ್ತಿತ್ತು. ಬೆರಳುಗಳು ಮೂಡಿದ್ದವು.

"ಅತ್ತಿಗೆ, ಈ ಕ್ಲ್ಯಾಂಪು..."

"ಸುಳ್ಳು ಹೇಳೋಕೆ ಬರದವನು ಬಾಯಿ ಮುಚ್ಕೊಂಡಿರ್ಬೇಕು," ಎಂದಳು ಅತ್ತಿಗೆ. "ಗಾಡಿ ಬಂದ ದಿನ ತೊಳೆದವಳು ನಾನು. ಆವತ್ತೇ ನೋಡಿದೆ. ಆಸ್ಪತ್ರೇಲಿ ಅವರ ಎಡಗೈ ಮೂಸಿದ್ದೆ, ಪೆಟ್ರೋಲ್ ವಾಸನೆ ಇತ್ತು. ಒರೆಸಿದ್ದು ಯಾಕೆ ಅಂತ ಗೊತ್ತಾಗದಷ್ಟು ದಡ್ಡಿ ಅಲ್ಲ."

"ಮತ್ತೆ ಹಾಗೇ ಇರ್ಲಿ ಅಂದಿದ್ದು?"

"ನೀನು ಇದರ ಹಿಂದೆ ಕೂತು ದಿನಾ ಹೋಗಿ ದಿನಾ ವಾಪಸ್ ಬಂದ್ರೆ, ತಪ್ಪು ಶೀಲ್ಡಿನದಲ್ಲ ಅಂತ ಆಗ್ತದಲ್ಲ. ಅದಕ್ಕೆ."

ಗಿಡ್ಡನಿಗೆ ಸಿಟ್ಟು ಬಂತು. ತನ್ನನ್ನು ಇವಳು ಪರೀಕ್ಷೆಗೆ ಬಿಟ್ಟಿದ್ದಳು.

"ವಾಪಸ್ ಬರದೆ ಇದ್ದಿದ್ರೆ? ನಿನ್ನೆ ಒಬ್ಬ ಮುದುಕನ ಮೇಲೆ ಹತ್ತಿಸ್ತಿದ್ದೆ."

ಅತ್ತಿಗೆ ಚೊಂಬು ಕೆಳಗಿಟ್ಟಳು. ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ಸೋಪಿನ ತುಂಡು ತಂದಳು.

"ಹತ್ತಿ ಕೂತ್ಕೋ. ಬೆನ್ನು ನೆಟ್ಟಗಿಡು, ಗೂನು ಹಾಕ್ಬೇಡ. ಅವರೂ ಹೀಗೇ ಗೂನು ಹಾಕಿ ಕೂರ್ತಿದ್ರು."

ಅವನು ಕುಳಿತ. ಅವಳು ಎದುರು ನಿಂತು, ಒಂದು ಕಣ್ಣು ಮುಚ್ಚಿ, ಅವನ ಮೂಗಿನ ನೇರಕ್ಕೆ ಶೀಲ್ಡಿನ ಮೇಲೆ ಸೋಪಿನಿಂದ ಅಡ್ಡಗೆರೆ ಎಳೆದಳು. ಗೆರೆ ಆ ಬೆರಳುಗಳ ಬುಡದಲ್ಲಿ ಹಾದುಹೋಯಿತು.

ಅದೇ ದಿನ ಮೇಸ್ತ್ರಿ ಕೊಯ್ದು, ಅಂಚಿಗೆ ರಬ್ಬರು ಹಾಕಿ, ನಲ್ಲಿಗೆ ಹೊಸ ವಾಷರ್ ಕೂರಿಸಿದ. ಕೊಯ್ದ ತುಂಡನ್ನು ಅತ್ತಿಗೆ ಕೇಳಲಿಲ್ಲ. ಗಿಡ್ಡ ತರಲಿಲ್ಲ.

ಈಗ ಅವನ ಕಣ್ಣಿಗೆ ಚಳಿಗಾಳಿ ಹೊಡೆಯುತ್ತದೆ, ನೀರು ಬರುತ್ತದೆ, ಆದರೆ ರಸ್ತೆ ಕಾಣುತ್ತದೆ. ಮಂಜು ಬಿದ್ದ ದಿನ ಶೀಲ್ಡಿನಲ್ಲಿ ಬೆರಳಿಲ್ಲದ ಅಂಗೈ ಒಂದು ಮೂಡಿ, ಅವನ ಬಾಯಿಯ ನೇರಕ್ಕೆ ನಿಲ್ಲುತ್ತದೆ. ಅವನು ಅದನ್ನು ನೋಡುವುದಿಲ್ಲ. ರಿಸರ್ವಿಗೆ ತಿರುಗಿಸಬೇಕಾದಾಗ ಮಾತ್ರ ಬೈಕನ್ನು ಬದಿಗೆ ನಿಲ್ಲಿಸಿ, ತಿರುಗಿಸಿ, ಎಡಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಒಮ್ಮೆ ಮೂಸಿ ನೋಡಿ ಮುಂದೆ ಹೋಗುತ್ತಾನೆ.