ಉಪ್ಪಿನಕಾಯಿ ಪಾಠ

ಉಪ್ಪಿನ ಚೀಲದ ಒಂದು ಕಿವಿ ಅಯ್ಯನವರ ಕೈಯಲ್ಲಿತ್ತು, ಇನ್ನೊಂದು ಖಂಡಪ್ಪನ ಕೈಯಲ್ಲಿ. ಇಬ್ಬರೂ ಬಿಡಲೊಲ್ಲರು. ಹೂಳಲೆಂದು ಕುಣಿಯೊಳಗೆ ಕೂಡಿಸಿದ್ದ ಸಿದ್ದರಾಮಪ್ಪ ಮಾತ್ರ, ಎಂದಿನಂತೆ, ಯಾರ ಜಗಳಕ್ಕೂ ಬರದೆ ಕುಳಿತಿದ್ದ.

"ಮಣ್ಣಿಗೆ ಉಪ್ಪು ಬ್ಯಾಡ್ರಿ ಅಯ್ಯಾರ. ಎರಿಹುಳ ಸಾಯ್ತಾವ. ಇವರಽ ಕಲಿಸ್ಯಾರ ನಮಗ."

"ಇದು ನಿನ್ನ ಹೊಲ ಅಲ್ಲೋ ತಮ್ಮಾ, ರುದ್ರಭೂಮಿ. ವಿಭೂತಿ, ಉಪ್ಪು ಹಾಕೂದು ಪದ್ಧತಿ."

ಸಿದ್ದರಾಮಪ್ಪನ ಮಗ ಶಶಿಕಾಂತ ತಾಯಿ ದಾನವ್ವನ ಕಿವಿಗೆ ಬಗ್ಗಿದ. "ಅವ್ವಾ, ಎಲ್ಲಾರೂ ನೋಡಾಕತ್ತಾರ. ಪ್ಲೀಸ್, ಹಾಕ್ರಿ ಅಂದ್ಬಿಡು."

ದಾನವ್ವ ಖಂಡಪ್ಪನ ಕಡೆ ನೋಡಿದಳು. ಅವನು ಊರ ಕಡೆಯ ಇಂಡಿಯಿಂದ ಬಸ್ಸು ಹಿಡಿದು ಬಂದ ರೈತ. ಬೆಳಿಗ್ಗೆ ಮುಲುಂಡಿನ ಮನೆಯ ಬಾಗಿಲಲ್ಲಿ ಅತ್ತು ಮುಗಿಸಿ, ಅವಳನ್ನು ದಿಟ್ಟಿಸಿ, "ನೀವಽ ಏನ್ರಿ, ಉಪ್ಪಿನಕಾಯಿ ಅವ್ವಾರು?" ಎಂದು ಕೇಳಿದ್ದ.

*

ಸಿದ್ದರಾಮಪ್ಪನಿಗೆ ಅಂಗೈಯಗಲ ಹೊಲವೂ ಇರಲಿಲ್ಲ. ಆಫೀಸಿನಿಂದ ನಿವೃತ್ತನಾದ ಮೇಲೆ ಪುಸ್ತಕ ಓದಿ, ಬಾಲ್ಕನಿಯ ಕುಂಡಗಳಲ್ಲಿ ಮಾಡಿ ನೋಡಿ, ಮಣ್ಣನ್ನು ಜೀವಂತ ಇಡುವುದು ಹೇಗೆಂದು ಊರ ಕಡೆಯ ರೈತರಿಗೆ ವಿಡಿಯೊ ಪಾಠ ಕಳಿಸುತ್ತಿದ್ದ. ಫೋನು ಹಿಡಿಯುವುದು ದಾನವ್ವನ ಕೆಲಸ. "ಕಸಾ ಸುಡಬ್ಯಾಡ್ರಿ, ನೆಲಾ ಬೆತ್ತಲಿ ಬಿಡಬ್ಯಾಡ್ರಿ" ಎಂದು ಅವನು ಹೇಳುವಾಗ ಹಿಂದಿನಿಂದ ಲೋಕಲ್ ರೈಲು ಕೂಗುತ್ತಿತ್ತು.

ಒಮ್ಮೆ ಅವಳು ಉಪ್ಪಿನಕಾಯಿ ಭರಣಿ ತೊಳೆದ ನೀರನ್ನು ಎರೆಹುಳದ ಕುಂಡಕ್ಕೆ ಸುರಿದಳು. ಹುಳಗಳೆಲ್ಲ ಸತ್ತವು. ಅವನು ಬೈಯಲಿಲ್ಲ, ಸುಮ್ಮನೆ ಉಂಡು ಎದ್ದ. ಮರುದಿನ ಫೋನನ್ನು ಅವಳ ಕೈಗೇ ಕೊಟ್ಟು, ಆ ಕುಂಡದ ಮುಂದೆ ಕುಳಿತ. "ರೈತ ಬಾಂಧವರೇ, ಇಂದಿನ ಪಾಠ ನಮ್ಮ ಮನಿಯವರ ಉಪ್ಪಿನಕಾಯಿ."

ಅವನ ಪಾಠಗಳಲ್ಲೆಲ್ಲ ಹೆಚ್ಚು ಊರು ಸುತ್ತಿದ್ದು ಅದೇ. ಆ ಸಿಟ್ಟಿಗೆ ಅವಳು ಮಾತು ಬಿಟ್ಟಿದ್ದಳು. ಅದು ಅವನ ಗಮನಕ್ಕೆ ಬರಲು ವಾರ ಹಿಡಿಯಿತು.

*

ಈಗ ಎಲ್ಲರ ಕಣ್ಣೂ ಅವಳ ಮೇಲೆ. ಪದ್ಧತಿ ಬಿಟ್ಟರೆ ನೆಂಟರ ಬಾಯಿ. ಚೀಲ ಸುರಿದರೆ, ಎರಡನೆಯ ಸಲವೂ ಅವನ ಹುಳ ಕೊಂದವಳು ತಾನೇ.

"ಇಬ್ಬರೂ ಕೈ ಬಿಡ್ರಿ."

ಬಿಟ್ಟರು. ಅವಳು ಎರಡು ಬೆರಳಲ್ಲಿ ಒಂದು ಚಿಟಿಕೆ ಎತ್ತಿದಳು.

"ಇವರಿಗೆ ಬೀಪಿ ಇತ್ರಿ ಅಯ್ಯಾರ. ಡಾಕ್ಟರು ಇಷ್ಟಽ ಅಂದಿದ್ರು. ಇದರ ಮ್ಯಾಲೆ ಒಂದು ಹರಳು ನಾ ಹಾಕಿಲ್ಲ. ಸಾರು ಸಪ್ಪಗೈತಿ ಅಂತ ಮಾರಿ ಉಬ್ಬಿಸ್ಕೊಂಡು ಉಣತಿದ್ರು."

ಅಯ್ಯನವರು ಅವಳ ಬೆರಳನ್ನು ನೋಡಿದರು, ಚೀಲವನ್ನು ನೋಡಿದರು. ಬಿಳಿಗಡ್ಡದೊಳಗೆ ಏನೋ ಅಲುಗಿತು. "ಪದ್ಧತಿಯೊಳಗ ತೂಕ ಎಲ್ಲೂ ಹೇಳಿಲ್ಲ ಬಿಡವಾ" ಎಂದು ಅಂಗೈ ಒಡ್ಡಿದರು.

"ಅಷ್ಟಕ್ಕ ಹುಳಾ ಸಾಯಂಗಿಲ್ರಿ" ಎಂದು ಖಂಡಪ್ಪ ಮೂಗು ಒರೆಸಿಕೊಂಡ.

ಮಣ್ಣು ಕೊಡುವ ಹೊತ್ತು ಬಂತು. ಬಗ್ಗಿದ ದಾನವ್ವ ಕೈ ತಡೆದಳು. ಬೆರಳಿಗಂಟಿದ ಉಪ್ಪನ್ನು ಸೆರಗಿಗೆ ತಿಕ್ಕಿ ತಿಕ್ಕಿ ಒರೆಸಿಕೊಂಡು, ಆಮೇಲೆ ಹಿಡಿ ಮಣ್ಣು ತೆಗೆದಳು. ಅದರಲ್ಲೊಂದು ಎರೆಹುಳ ಹೊರಳುತ್ತಿತ್ತು.

"ಅವ್ವಾ, ಹಿಂದ ಲೈನ್ ನಿಂತೈತಿ" ಎಂದ ಶಶಿಕಾಂತ.

ಅವಳು ಕುಣಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಕೈ ಕೆಳಗಿಳಿಸಿದಳು. ಹುಳ ತಾನಾಗಿ ಇಳಿದು ಹೋಗುವವರೆಗೆ ಅಂಗೈ ಅಲುಗಿಸಲಿಲ್ಲ.