ಗದ್ದುಗೆ ಏರಿದ ಲ್ಯಾಪ್‌ಟಾಪು

ಹೊಸ ಪೈಥಾನ್ ಹಳೆಯದಕ್ಕಿಂತ ನಿಧಾನ! ಪರದೆಯ ಮೇಲಿನ ಅಂಕಿಯನ್ನು ಎರಡೆರಡು ಸಲ ಓದಿದೆ. ಒಂಚೂರು ನಿಧಾನವಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಇದು ಹಳೆಯದಕ್ಕಿಂತ ಎರಡರಷ್ಟು ಹೊತ್ತು ಹಿಡಿದಿತ್ತು.

ಚಿತ್ರದುರ್ಗದ ನಮ್ಮ ಪುಟ್ಟ ಕಂಪನಿ ಕುರಿ ಸಂತೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಹಿರಿಯೂರಿನ ಸಂತೆ ದಿನ ಅದು ಗರ್ಭಿಣಿ ಕುರಿಯ ಹಾಗೆ ತೆವಳುತ್ತಿತ್ತು. ಅದನ್ನು ಬರೆದಿರುವ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಹೊಸ ಆವೃತ್ತಿಗೆ ಹೋಗೋಣ, ಅದರಲ್ಲಿ ಫಂಕ್ಷನ್ ಕರೆಗಳು, ಅಂದರೆ ಪ್ರೋಗ್ರಾಮಿನ ತುಣುಕುಗಳನ್ನು ಕರೆದು ಓಡಿಸುವ ಕೆಲಸ, ಬೇಗ ಮುಗಿಯುತ್ತವೆ ಎಂದು ಮೀಟಿಂಗಿನಲ್ಲಿ ಮೇಜು ಗುದ್ದಿ ಹೇಳಿದವಳು ನಾನೇ.

"ಬಾಯ್ಮಾತು ಬ್ಯಾಡ ಕಾವ್ಯಶ್ರೀ, ಅಳೆದು ತೋರ್ಸಮ್ಮ. ನಿಜ ಆದ್ರೆ ಈ ಕೆಲಸ ಪೂರ್ತಿ ನಿಂದೇ," ಎಂದಿದ್ದರು ಮಾಲೀಕ ರವೀಂದ್ರ ಸರ್. ಇವತ್ತು ಮಧ್ಯಾಹ್ನದೊಳಗೆ ಉತ್ತರ ಕೊಡಬೇಕಿತ್ತು.

ತುರುವನೂರಿನ ಮನೆಯಲ್ಲಿ ಬೆಳಿಗ್ಗೆಯೇ ಕೂತಿದ್ದೆ. ಒಂದು ಸಣ್ಣ ಫಂಕ್ಷನ್ನನ್ನು ಕೋಟಿಗಟ್ಟಲೆ ಸಲ ಕರೆಯುವುದು, ಎಷ್ಟು ಹೊತ್ತು ಹಿಡಿಯಿತೆಂದು ನೋಡುವುದು, ಪರೀಕ್ಷೆ ಎಂದರೆ ಇಷ್ಟೇ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಹಳೆಯ ಆವೃತ್ತಿಯನ್ನು ಓಡಿಸಿ ಮುಗಿಸಿದೆ. ಹೊಸದನ್ನು ಓಡಲು ಬಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಲ್ಯಾಪ್‌ಟಾಪು ದೇವರ ಮೂಲೆಗೆ ಹೋಗಿ ಕರಿ ಕಂಬಳಿಯ ಮೇಲೆ ಕೂತಿತ್ತು. ಕುರಿ ಸಾಕುವ ನಮ್ಮ ಮನೆಯಲ್ಲಿ ಮರ್ಯಾದೆ ಸಲ್ಲಬೇಕಾದದ್ದೆಲ್ಲ ಕಂಬಳಿ ಗದ್ದುಗೆ ಮೇಲೇ ಕೂರಬೇಕು. ಅವ್ವನ ಕೆಲಸ ಎಂದುಕೊಂಡು ಸುಮ್ಮನಾದೆ. ನನ್ನ ಕಣ್ಣೆಲ್ಲ ಅಂಕಿಯ ಮೇಲಿತ್ತು.

ರವೀಂದ್ರ ಸರ್‌ಗೆ ಫೋನ್ ಮಾಡಿದೆ. "ಸರ್, ನಾನ್ ಹೇಳಿದ್ದು ಸುಳ್ಳಾಯ್ತು."

"ಹೌದಾ? ಹಂಗಾರೆ ಹಳೇದ್ರಾಗೇ ಇರಾಣ ಬಿಡು," ಎಂದು ಇಟ್ಟೇಬಿಟ್ಟರು. ಬೈದಿದ್ದರೆ ವಾಸಿಯಿತ್ತು.

ಅಳುತ್ತಲೇ ಲ್ಯಾಪ್‌ಟಾಪ್ ಎತ್ತಿದವಳು ಕಿರುಚಿಬಿಟ್ಟೆ. ತಳ ಕಾದ ಹಂಚಾಗಿತ್ತು. ಗಾಳಿಯಾಡುವ ಕಿಂಡಿಗಳನ್ನೆಲ್ಲ ಕಂಬಳಿ ಮುಚ್ಚಿತ್ತು. ಕಾದರೆ ಯಂತ್ರ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಓದಿದವಳು ನಾನು, ನನಗೆ ಅದು ಹೊಳೆದಿರಲಿಲ್ಲ!

"ಅವ್ವಾ, ಏನ್ ಮಾಡಿದ್ಯವ್ವ!"

ಅವ್ವ, ಬರಗೇರಮ್ಮ, ಒಲೆ ಬಿಟ್ಟು ಓಡಿಬಂದಳು. "ಯಾಕೇ ಹಂಗೆ ಬಡ್ಕಂತೀಯ? ಇವತ್ತು ನಿನ್ ಕೆಲಸದ ಮಾತೈತೆ ಅಂದಿದ್ಯಲ್ಲ. ಒಳ್ಳೇದಾಗ್ಲಿ ಅಂತ ಗದ್ದಿಗೆ ಮ್ಯಾಲೆ ಕುಂದ್ರಿಸಿ ದೇವ್ರ ಭಂಡಾರದ ಅರಿಶಿಣ ಹಚ್ಚೀನಿ."

"ಕಂಬಳಿ ಸೆಕೆಗೆ ಅದು ನಿಧಾನ ಆಗೈತೆ ಕಣವ್ವ! ನನ್ ಕೆಲಸ ಹೋಯ್ತು!"

ಅವ್ವನ ಮುಖ ಬಿಳಿಚಿಕೊಂಡಿತು. ನಾನು ಅವಳತ್ತ ನೋಡದೆ ಲ್ಯಾಪ್‌ಟಾಪನ್ನು ಮೇಜಿಗೆ ತಂದು, ಆರಲು ಬಿಟ್ಟು, ಎರಡನ್ನೂ ಮತ್ತೆ ಓಡಿಸಿದೆ. ಹೊಸದು ಹಳೆಯದನ್ನು ಎಲ್ಲೋ ಹಿಂದೆ ಬಿಟ್ಟು ಮುಂದೆ ಹೋಗಿತ್ತು. ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಸರ್ ಬಿದ್ದು ಬಿದ್ದು ನಕ್ಕು, "ಕೆಲಸ ನಿಂದೇ. ಕಂಬಳಿ ಮಾತ್ರ ಆಫೀಸಿಗೆ ತರಬ್ಯಾಡ," ಎಂದರು.

ಕುಣಿಯುತ್ತ ಹೇಳಲು ಹೋದರೆ ಅವ್ವ ದೇವರ ಮುಂದೆ ಬಾಯಿ ತೆರೆದುಕೊಂಡು ಕುಳಿತಿದ್ದಳು.

"ಅಯ್ಯೋ ಕಾವ್ಯಾ, ತಲೆತಲಾಂತರದಿಂದ ಈ ನಮ್ಮಪ್ಪ ದೇವ್ರನ್ನೂ ಕಂಬಳಿ ಮ್ಯಾಲೇ ಕುಂದ್ರಿಸೀವಲ್ಲೇ! ಕೇಳಿದ್ದು ಕೊಡಾಕೆ ಇಷ್ಟು ತಡ ಮಾಡಾದು ಅದಕ್ಕೇನೇ?"